ಕೊಡಗಿನಲ್ಲಿ ಊರ ಚಿತ್ರೋತ್ಸವ ಕಟ್ಟುವವರಿಗೆ

ಚಿತ್ರೋತ್ಸವ ಅಂದ ಕೂಡಲೇ ಬ್ಯಾನರ್, ಅತಿಥಿ, ಉದ್ಘಾಟನೆ ಕಣ್ಮುಂದೆ ಬರುತ್ತವೆ. ಅವೆಲ್ಲ ಕೊನೆಯ ವಾರದ ಕೆಲಸ. ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬ, ಬ್ಯಾರಿ, ಮಲಯಾಳ, ತುಳು, ಕನ್ನಡ ಎಲ್ಲವೂ ಕೇಳಿಬರುವ ಜಿಲ್ಲೆ ಇದು. ಇಲ್ಲಿ ಉತ್ಸವ ಎಲ್ಲರದಾಗುತ್ತದೋ ಇಲ್ಲವೋ ಎಂಬುದು ಎರಡು ಕಡೆ ತೀರ್ಮಾನವಾಗುತ್ತದೆ: ಚಿತ್ರ ಆರಿಸಲು ಯಾರು ಕೂತಿದ್ದಾರೆ, ಪ್ರದರ್ಶನ ಎಷ್ಟು ಗಂಟೆಗೆ ಮುಗಿಯುತ್ತದೆ.

ಮೊದಲು ದಿನಾಂಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಡಿಸೆಂಬರ್ ಹೊತ್ತಿಗೆ ಹುತ್ತರಿ (ಭತ್ತದ ಸುಗ್ಗಿಯ ಹಬ್ಬ), ಅದರ ಬೆನ್ನಿಗೇ ಮಾರ್ಚ್‌ವರೆಗೂ ಕಾಫಿ ಕೊಯ್ಲು. ಬೆಳೆಗಾರನಿಗೂ ಪುರುಸೊತ್ತಿಲ್ಲ, ಕಾರ್ಮಿಕರಿಗೂ ಇಲ್ಲ. ಏಪ್ರಿಲ್, ಮೇನಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ, ಮೇಲಿಂದ ಮದುವೆಗಳು. ಕೊಡವ ಸಮಾಜ, ಗೌಡ ಸಮಾಜಗಳ ಹಾಲ್ ಆಗ ಸಿಗುವುದೇ ಇಲ್ಲ. ಉಳಿಯುವುದು ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಮುಗಿದ ಮೇಲಿನ ಮೂರ್ನಾಲ್ಕು ವಾರ. ಹಾಲ್ ಆರು ತಿಂಗಳು ಮೊದಲೇ ಹಿಡಿದಿಡಿ. ಸಂತೆಯ ದಿನ ತೋಟಕ್ಕೆ ರಜೆ ಕೊಡುವ ಊರಾದರೆ ಆ ದಿನವೇ ಇಡಿ, ಜನ ಹೇಗೂ ಪೇಟೆಗೆ ಬಂದಿರುತ್ತಾರೆ.

ಸಿದ್ದಾಪುರ, ತಿತಿಮತಿ ಕಡೆ ಸಂಜೆ ಪ್ರದರ್ಶನ ಬೇಡವೇ ಬೇಡ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ಇರುತ್ತದೆ, ಲೈನ್‌ಮನೆಗೆ (ತೋಟದ ಕಾರ್ಮಿಕರ ಸಾಲುಮನೆ) ನಡೆದು ಹೋಗಬೇಕಾದ ಹೆಂಗಸರು ಬರುವುದೇ ಇಲ್ಲ. ಹತ್ತೂವರೆಗೆ ಶುರು ಮಾಡಿ ನಾಲ್ಕೂವರೆಗೆ ಮುಗಿಸಿ. ಹಗಲಾದ್ದರಿಂದ ಕಿಟಕಿಗೆ ಕಪ್ಪು ಬಟ್ಟೆ ಹೊದಿಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಆಯ್ಕೆ ಸಮಿತಿಗೆ ಐದು ಜನ ಸಾಕು. ಒಬ್ಬರು ಕೊಡವ ತಕ್ಕ್ ಬಲ್ಲವರು, ಒಬ್ಬರು ಅರೆಭಾಷೆಯವರು, ಒಬ್ಬರು ಹಾಡಿಯವರು (ಯರವ, ಜೇನುಕುರುಬರಂಥ ಆದಿವಾಸಿಗಳ ವಸತಿ ಹಾಡಿ), ಒಬ್ಬರು ಮಲಯಾಳ ಅಥವಾ ಬ್ಯಾರಿ ಮಾತಾಡುವವರು, ಒಬ್ಬರು ಸಂಕಲನ ಗೊತ್ತಿರುವವರು. ಇಬ್ಬರಾದರೂ ಮಹಿಳೆಯರಿರಲಿ. ಹಾಡಿಯಿಂದ ಬರುವವರಿಗೆ ಅವತ್ತಿನ ಕೂಲಿ ತಪ್ಪುತ್ತದೆ. ಗೌರವಧನ ಕೊಡದೆ ಬರೀ ಶಾಲು ಹೊದಿಸಿದರೆ ಮುಂದಿನ ವರ್ಷ ಆ ಕುರ್ಚಿ ಖಾಲಿ. ಹಾಡಿಯ ಬಗ್ಗೆ ಹೊರಗಿನವರು ತೆಗೆದ ಚಿತ್ರ ರಾಶಿ ಬರುತ್ತದೆ. ಹಾಡಿಯವರೇ ತೆಗೆದದ್ದು ತಾನಾಗಿ ಬರುವುದಿಲ್ಲ. ಅದಕ್ಕೆ ಉತ್ಸವಕ್ಕೆ ನಾಲ್ಕು ತಿಂಗಳು ಮೊದಲು ಮೂರು ದಿನದ ಕಮ್ಮಟ ಬೇಕು: ನಾಲ್ಕೈದು ಜನರ ಗುಂಪಿಗೆ ಒಂದು ಫೋನ್, ಒಂದು ಟ್ರೈಪಾಡ್, ಒಂದು ಕಾಲರ್ ಮೈಕ್. ಮೈಕ್ ಬಿಡಬೇಡಿ, ತೋಟದಲ್ಲಿ ಜೀರುಂಡೆ ಸದ್ದು ಮಾತನ್ನೆಲ್ಲ ನುಂಗಿಬಿಡುತ್ತದೆ. ಹಾಡಿ ಅರಣ್ಯದೊಳಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ಚಿತ್ರ ಕಳಿಸುವವರಿಗೆ ಪ್ರವೇಶ ಶುಲ್ಕ ಇಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಆಗಿ ಬಂದ ಫೈಲ್ ಹಿಸುಕಿ ಹೋಗಿರುತ್ತದೆ, ಫೋನಿನಲ್ಲಿ ಚೆನ್ನಾಗಿ ಕಂಡರೂ ಪರದೆಯ ಮೇಲೆ ಮುಖವೆಲ್ಲ ಚೌಕ ಚೌಕ. ಪೆನ್‌ಡ್ರೈವ್‌ನಲ್ಲಿ ಮೂಲ ಫೈಲ್ ತರಿಸಿ: ಎಂಪಿ4, 1920x1080, ಸುಮಾರು 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್). ಈ ಲೆಕ್ಕದಲ್ಲಿ ಅರ್ಧ ಗಂಟೆಯ ಚಿತ್ರ 4.5 ಜಿಬಿ ಆಗುತ್ತದೆ. ಎಫ್‌ಎಟಿ32 ಎಂಬ ಹಳೆಯ ಫಾರ್ಮ್ಯಾಟ್‌ನ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲ್ ತೆಗೆದುಕೊಳ್ಳುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಸಿ.

ಸಬ್‌ಟೈಟಲ್ ಕನ್ನಡದಲ್ಲಿರಲಿ, ಎರಡು ಸಾಲು ಮೀರದಿರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಪ್ಲೇಯರ್‌ನಲ್ಲಿ ಗೀಚು ಗೀಚಾಗಿ ಬರುತ್ತದೆ, ಯೂನಿಕೋಡ್‌ಗೆ ತಿರುಗಿಸಿ ಯುಟಿಎಫ್-8ನಲ್ಲಿ ಉಳಿಸಬೇಕು. ಯೂನಿಕೋಡ್ ಇದ್ದರೂ ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಒಡೆಯುತ್ತದೆ. ಅಕ್ಷರವನ್ನು ಚಿತ್ರದೊಳಗೇ ಅಚ್ಚಾಗಿಸಿಬಿಡುವುದು ಕ್ಷೇಮ. ಓದಲು ಬಾರದ ಹಿರಿಯರು ಹೆಚ್ಚಿದ್ದರೆ ಒಬ್ಬರು ಪಕ್ಕದಲ್ಲಿ ಮೈಕ್ ಹಿಡಿದು ಆ ಸಾಲುಗಳನ್ನು ತಗ್ಗಿದ ದನಿಯಲ್ಲಿ ಓದಲಿ. ಪಂಡಿತರು ಮೂಗು ಮುರಿಯಬಹುದು, ಪ್ರೇಕ್ಷಕರು ಮುರಿಯುವುದಿಲ್ಲ.

150 ಜನರ ಹಾಲ್‌ಗೆ 12 ಅಡಿ ಅಗಲದ ಪರದೆ. 16:9 ಚಿತ್ರಕ್ಕೆ ಎತ್ತರ 6 ಅಡಿ 9 ಇಂಚು. ಥ್ರೋ ಅನುಪಾತ (ಪರದೆಯ ಅಗಲದ ಎಷ್ಟು ಪಟ್ಟು ದೂರದಲ್ಲಿಡಬೇಕು ಎಂಬ ಲೆಕ್ಕ) 1.5 ಇರುವ ಪ್ರೊಜೆಕ್ಟರ್ ಆದರೆ ಪರದೆಯಿಂದ 18 ಅಡಿ ದೂರ. ಪೂರ್ತಿ ಕತ್ತಲಾಗದ ಹಾಲ್‌ಗೆ 5000 ಲ್ಯೂಮೆನ್ ಬೆಳಕಿನ ಪ್ರೊಜೆಕ್ಟರ್ ಬೇಕು. ಕರೆಂಟ್ ಹೋಗುವುದು ಖಂಡಿತ ಎಂದೇ ಇಟ್ಟುಕೊಳ್ಳಿ: ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಎರಡೂ 1 ಕೆವಿಎ ಯುಪಿಎಸ್ ಮೇಲಿರಲಿ, ಏಕೆಂದರೆ ದಿಢೀರನೆ ಫ್ಯಾನ್ ನಿಂತರೆ ಬಿಸಿಯಾದ ಲ್ಯಾಂಪ್‌ನ ಆಯುಸ್ಸು ಕಡಿಮೆಯಾಗುತ್ತದೆ. ಯುಪಿಎಸ್‌ಗೆ ಬೆಂಬಲವಾಗಿ 3 ಕೆವಿಎ ಜನರೇಟರ್, ಕಟ್ಟಡದ ಆಚೆ ಬದಿಗೆ. ಹಿಂದಿನ ದಿನ ಪ್ರತಿ ಚಿತ್ರದ ಮೊದಲ ಎರಡು ನಿಮಿಷ ಓಡಿಸಿ ಮಿಕ್ಸರ್ ಮಟ್ಟವನ್ನು ಚೀಟಿಯಲ್ಲಿ ಬರೆದಿಡಿ. ಒಬ್ಬೊಬ್ಬರ ಸೌಂಡ್ ಒಂದೊಂದು ತರಹ ಇರುತ್ತದೆ.

ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರಗಳಿಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 9ನೇ ಸೆಕ್ಷನ್ ಅಡಿ ವಿನಾಯಿತಿ ಕೇಳಬೇಕು. ಪಟ್ಟಿ, ಕಥಾಸಾರ, ಆಯ್ಕೆ ಸಮಿತಿಯ ಶಿಫಾರಸು ಸಹಿತ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಒಂದು ತಿಂಗಳು ಮೊದಲಾದರೂ ಅರ್ಜಿ ಹೋಗಲಿ. ಟಿಕೆಟ್ ಮಾರಬೇಡಿ, ನೋಡಲು ಬರುವವರನ್ನು ಪ್ರತಿನಿಧಿಗಳಾಗಿ ನೋಂದಾಯಿಸಿಕೊಳ್ಳಿ.

ಇದನ್ನೇ ಜೀವನದ ಕೆಲಸ ಮಾಡಿಕೊಳ್ಳುವ ಆಸೆಯಿದ್ದರೆ ಮೊದಲ ಮೂರು ವರ್ಷ ಬೇರೆ ಸಂಬಳ ಇಟ್ಟುಕೊಂಡೇ ನಡೆಯಿರಿ. ಕರ್ನಾಟಕ ಚಲನಚಿತ್ರ ಅಕಾಡೆಮಿಯ ಬೆಂಗಳೂರು ಉತ್ಸವದಲ್ಲೋ ಡಿಸೆಂಬರ್‌ನ ತಿರುವನಂತಪುರದ ಉತ್ಸವದಲ್ಲೋ ಒಂದು ವರ್ಷ ಸ್ವಯಂಸೇವಕರಾಗಿ ದುಡಿದರೆ ಪ್ರಿಂಟ್, ಅತಿಥಿ, ವೇಳಾಪಟ್ಟಿಯ ಜಂಜಾಟ ಅರ್ಥವಾಗುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ನೋಂದಣಿ ಮೊದಲ ವರ್ಷವೇ ಆಗಲಿ, ಲೆಕ್ಕಪರಿಶೋಧನೆ ತಪ್ಪದಿರಲಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಆದಾಯ ತೆರಿಗೆ ಇಲಾಖೆಯ ನೋಂದಣಿ (1961ರ ಕಾಯ್ದೆಯ 12ಎ, 80ಜಿ), ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿಯ ಜೊತೆಗೆ ಮೂರು ವರ್ಷದ ಕೆಲಸದ ದಾಖಲೆಯನ್ನೂ ಕೇಳುತ್ತಾರೆ. ರೆಸಾರ್ಟ್‌ನವರು ಪ್ರಾಯೋಜಕರಾದರೆ ಊಟ, ಕೋಣೆ ತೆಗೆದುಕೊಳ್ಳಿ. ಯಾವ ಚಿತ್ರ ತೋರಿಸಬೇಕು ಎಂಬ ಮಾತು ಮಾತ್ರ ಸಮಿತಿಯ ಬಾಗಿಲು ದಾಟಬಾರದು, ಇದನ್ನು ಒಪ್ಪಂದದಲ್ಲೇ ಬರೆಸಿ. ಚಿತ್ರ ತೋರಿಸಿದ ಪ್ರತಿಯೊಬ್ಬರಿಗೂ ಸಣ್ಣದಾದರೂ ಪ್ರದರ್ಶನ ಶುಲ್ಕ ಹದಿನೈದು ದಿನದೊಳಗೆ ತಲುಪಲಿ. ಆಯ್ಕೆಯಾಗದವರಿಗೆ ಯಾಕೆ ಆಗಲಿಲ್ಲ ಎಂದು ಎರಡು ಸಾಲು ಬರೆದು ಪೆನ್‌ಡ್ರೈವ್ ವಾಪಸ್ ಕಳಿಸಿ.