ಹಳೇ ಕಾರಿಗೆ ಮಾಸ್ ಏರ್‌ಫ್ಲೋ ಸೆನ್ಸರ್: ಫ್ಲ್ಯಾಪ್ ಮೀಟರ್ ಕಿತ್ತು ಹಾಕಿದ ನನ್ನ ಅನುಭವ

ನನ್ನ ಕಾರಿನ ರೋಗ ವಿಚಿತ್ರದ್ದಾಗಿತ್ತು. ಐಡಲಿಂಗ್ ಸರಿ, ಆಕ್ಸಿಲರೇಟರ್ ಪೂರ್ತಿ ತುಳಿದರೆ ಪಿಕಪ್ಪೂ ಸರಿ. ಹದವಾದ ಒಂದೇ ವೇಗದಲ್ಲಿ ಸಾಗುವಾಗ ಮಾತ್ರ ಇಂಜಿನ್ ತೊದಲುತ್ತಿತ್ತು. ಪ್ಲಗ್, ಪ್ಲಗ್ ವೈರ್, ಫ್ಯುಯೆಲ್ ಫಿಲ್ಟರ್ ಎಲ್ಲ ಬದಲಾಯಿಸಿ ಸೋತ ಮೇಲೆ, ಇಂಜಿನ್ ಎಳೆಯುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರಿನ ಕಪ್ಪು ಮುಚ್ಚಳ ಎಬ್ಬಿಸಿ ನೋಡಿದೆ. ಒಳಗಿನ ಕಾರ್ಬನ್ ಪಟ್ಟಿ ಒಂದೇ ಜಾಗದಲ್ಲಿ ಸವೆದು ಬಿಳಿಚಿಕೊಂಡಿತ್ತು. ಇಷ್ಟು ವರ್ಷ ಕಾರು ಹೆಚ್ಚು ಹೊತ್ತು ಓಡಿದ್ದು ಆ ವೇಗದಲ್ಲೇ, ಮುಳ್ಳು ಹೆಚ್ಚು ಉಜ್ಜಿದ್ದೂ ಅಲ್ಲೇ.

ಈ ಹಳೇ ಮೀಟರ್ ಒಂದು ಸ್ಪ್ರಿಂಗ್ ಬಾಗಿಲು. ಒಳಬರುವ ಗಾಳಿ ಫ್ಲ್ಯಾಪನ್ನು ತಳ್ಳುತ್ತದೆ, ಅದಕ್ಕೆ ಕಟ್ಟಿದ ಮುಳ್ಳು ಪಟ್ಟಿಯ ಮೇಲೆ ಜಾರುತ್ತದೆ, ಎಷ್ಟು ಪೆಟ್ರೋಲ್ ಬಿಡಬೇಕೆಂದು ಲೆಕ್ಕ ಹಾಕುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಒಂದು ವೋಲ್ಟೇಜ್ ಹೋಗುತ್ತದೆ. ನನ್ನ ಕಾರಿನಲ್ಲಿ ಇದು ತಿರುಗಾಮುರುಗಾ: ಬಾಗಿಲು ಮುಚ್ಚಿದ್ದಾಗ ಸುಮಾರು 4 ವೋಲ್ಟ್, ಐಡಲ್‌ನಲ್ಲಿ 2.5ರ ಆಸುಪಾಸು, ಪೂರ್ತಿ ತೆರೆದಾಗ ಅರ್ಧ ವೋಲ್ಟ್‌ಗಿಂತ ಕಡಿಮೆ. ಗಾಳಿ ಹೆಚ್ಚಿದಂತೆ ವೋಲ್ಟೇಜ್ ಏರುವ ಮೀಟರುಗಳೂ ಇವೆ. ನಿಮ್ಮದು ಯಾವುದೆಂದು ಮಲ್ಟಿಮೀಟರ್ ಹಿಡಿದು ನೋಡದೆ ಮುಂದಕ್ಕೆ ಹೋಗಬೇಡಿ.

ಅದೇ ಮೀಟರ್ ಹೊಸದು ಸಿಗಲಿಲ್ಲ. ಗುಜರಿಯಲ್ಲಿ ಸಿಕ್ಕವೆಲ್ಲ ನನ್ನದರಷ್ಟೇ ಸವೆದಿದ್ದವು. ಆದರೆ ಅದೇ ಗುಜರಿಯಲ್ಲಿ ಬಾಷ್ ಕಂಪನಿಯ ಹಾಟ್ ಫಿಲ್ಮ್ ಬಗೆಯ ಮಾಸ್ ಏರ್‌ಫ್ಲೋ ಸೆನ್ಸರುಗಳು ರಾಶಿ ಬಿದ್ದಿದ್ದವು. ಇವುಗಳಲ್ಲಿ ಅಲುಗಾಡುವ ಭಾಗವೇ ಇಲ್ಲ. ಬಿಸಿ ಮಾಡಿದ ತೆಳು ಪದರದ ಮೇಲೆ ಗಾಳಿ ಹಾಯುತ್ತದೆ, ಅದು ಎಷ್ಟು ಬಿಸಿ ಕದ್ದೊಯ್ದಿತು ಎಂಬುದರಿಂದ ಗಾಳಿಯ ತೂಕ ಗೊತ್ತಾಗುತ್ತದೆ. ಪೆಟ್ರೋಲ್ ಲೆಕ್ಕಕ್ಕೆ ಬೇಕಾದದ್ದೂ ತೂಕವೇ: ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ.

ಯಾವ ಅಳತೆಯದು ಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿದೆ. 1.8 ಲೀಟರ್ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ 5.4 ಘನ ಮೀಟರ್. ಘನ ಮೀಟರಿಗೆ 1.2 ಕೆಜಿ ಎಂದಿಟ್ಟುಕೊಂಡು, ಸಿಲಿಂಡರ್ ಶೇ. 85ರಷ್ಟು ತುಂಬುತ್ತದೆ ಅಂದುಕೊಂಡರೆ ಗಂಟೆಗೆ ಸುಮಾರು 330 ಕೆಜಿ. ಹಾಗಾಗಿ 480 ಕೆಜಿವರೆಗೆ ಅಳೆಯುವ ಸೆನ್ಸರ್ ಆರಿಸಿಕೊಂಡೆ. ತರುವಾಗ ಕೊಳವೆ ಸಮೇತ, ಅದರ ಬಾಯಿಗಿರುವ ಪ್ಲಾಸ್ಟಿಕ್ ಜಾಲರಿ ಸಮೇತ ತನ್ನಿ. ಸೆನ್ಸರಿನ ಅಳತೆ ಕೂತಿರುವುದು ಆ ಕೊಳವೆಯ ವ್ಯಾಸದ ಮೇಲೆ. ಬೇರೆ ಪೈಪಿಗೆ ತೂತು ಕೊರೆದು ಸಿಕ್ಕಿಸಿದರೆ ಅದು ಹೇಳುವ ಅಂಕಿಗೆ ಅರ್ಥವಿಲ್ಲ.

ಇಸಿಯುವನ್ನೇ ಬದಲಾಯಿಸಿ ನಾವೇ ಟ್ಯೂನ್ ಮಾಡಿಕೊಳ್ಳುವ ಮೆಗಾಸ್ಕ್ವರ್ಟ್ ಥರದ್ದು ಹಾಕುವುದು ದೊಡ್ಡ ದಾರಿ. ಆದರೆ ಪೂರ್ತಿ ವೈರಿಂಗ್ ಹಾರ್ನೆಸ್ ಬಿಚ್ಚಬೇಕು, ಕೋಲ್ಡ್ ಸ್ಟಾರ್ಟಿನಿಂದ ಹಿಡಿದು ಎಲ್ಲ ಟ್ಯೂನ್ ಮಾಡಬೇಕು. ನನ್ನ ಜೇಬಿಗೂ ಪುರುಸೊತ್ತಿಗೂ ಹೊಂದಿದ್ದು ಚಿಕ್ಕ ದಾರಿ: ಮಧ್ಯೆ ಒಬ್ಬ ದುಭಾಷಿಯನ್ನು ಕೂರಿಸುವುದು. ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಪ್ರೋಗ್ರಾಮ್ ಬೋರ್ಡ್ ಹೊಸ ಸೆನ್ಸರಿನ ವೋಲ್ಟೇಜ್ ಓದಿ, ಅದೇ ಗಾಳಿಗೆ ಹಳೇ ಫ್ಲ್ಯಾಪ್ ಎಷ್ಟು ವೋಲ್ಟ್ ಕೊಡುತ್ತಿತ್ತೋ ಅಷ್ಟನ್ನು ಇಸಿಯುಗೆ ಕೊಟ್ಟರಾಯಿತು. ಇಸಿಯುಗೆ ಏನೂ ಬದಲಾದದ್ದು ಗೊತ್ತಾಗುವುದಿಲ್ಲ.

ಆ ಅನುವಾದದ ಪಟ್ಟಿ ಎಲ್ಲಿಂದ ತರುವುದು? ಗಾಳಿಯ ಹರಿವು ಅಳೆದು ನೋಡುವ ಫ್ಲೋ ಬೆಂಚ್ ನನ್ನ ಹತ್ತಿರ ಇರಲಿಲ್ಲ. ಹೊಳೆದದ್ದು ಇಷ್ಟು: ಎರಡೂ ಮೀಟರುಗಳನ್ನು ಒಂದೇ ಪೈಪಿನಲ್ಲಿ ಒಂದರ ಹಿಂದೊಂದು ಇಟ್ಟರೆ ಎರಡರೊಳಗೂ ಹಾಯುವುದು ಒಂದೇ ಗಾಳಿ. ಏರ್ ಫಿಲ್ಟರ್ ಆದ ಕೂಡಲೇ ಹೊಸದು, ಅದರ ಮುಂದೆ ಹಳೇದು. ಇಂಜಿನ್ ಓಡುತ್ತಿದ್ದದ್ದು ಹಳೇದರ ಮಾತಿನ ಮೇಲೇ. ಹೊಸದು ಸುಮ್ಮನೆ ಕೂತು ಕಲಿಯುತ್ತಿತ್ತು. ಲ್ಯಾಪ್‌ಟಾಪ್ ಪಕ್ಕದ ಸೀಟಿನಲ್ಲಿಟ್ಟು ಹಲವು ಬೆಳಗು ಓಡಿಸಿ ಜೋಡಿ ಅಂಕಿಗಳನ್ನು ಸಂಗ್ರಹಿಸಿದೆ. ಬೆಳಗಿನಲ್ಲೇ ಯಾಕೆ ಅಂದರೆ ಗಾಳಿಯ ಉಷ್ಣತೆ 20 ಡಿಗ್ರಿ ಆಸುಪಾಸಿನಲ್ಲೇ ಇರಲಿ ಅಂತ. ಥ್ರಾಟಲ್ ಅಲುಗಿದಾಗಿನ ಅಂಕಿಗಳನ್ನೆಲ್ಲ ಎಸೆದೆ, ಫ್ಲ್ಯಾಪ್ ಆಗ ತೂಗಾಡುತ್ತಿರುತ್ತದೆ. ಉಳಿದದ್ದನ್ನು 0.1 ವೋಲ್ಟಿನ ಮೆಟ್ಟಿಲುಗಳಾಗಿ ಮಾಡಿ ಸರಾಸರಿ ತೆಗೆದೆ.

ಗ್ರಾಫ್ ಹಾಕಿ ನೋಡಿದಾಗ ನಗು ಬಂತು. ನುಣುಪಾದ ಗೆರೆಯ ನಡುವೆ ಒಂದು ಕಡೆ ಚುಕ್ಕಿಗಳು ಎರಚಿದ ಹಾಗೆ ಚದುರಿದ್ದವು. ಸವೆದ ಪಟ್ಟಿಯ ಜಾಗ! ತಿಂಗಳುಗಟ್ಟಲೆ ಕಾಡಿದ ರೋಗದ ಫೋಟೋ ಅದು. ಆ ಭಾಗದ ಅಂಕಿ ಬಿಟ್ಟು, ಎರಡು ಬದಿಯ ಒಳ್ಳೇ ಗೆರೆಗಳನ್ನು ಕೈಯಿಂದ ಜೋಡಿಸಿದೆ.

ಈ ದುಭಾಷಿ ಡಬ್ಬಿಯ ವಿಷಯದಲ್ಲಿ ಒಂದೆರಡು ಮಾತು. ಆರ್ಡುಯಿನೊದ ಪಿಡಬ್ಲ್ಯುಎಂ (ವೇಗವಾಗಿ ಆನ್-ಆಫ್ ಆಗುವ) ಔಟ್‌ಪುಟ್‌ಗೆ ಫಿಲ್ಟರ್ ಹಾಕಿ ವೋಲ್ಟೇಜ್ ಮಾಡಲು ಹೋಗಿ ಕೈ ಸುಟ್ಟುಕೊಂಡೆ. ಅಲೆ ಹೋಗುವಷ್ಟು ಫಿಲ್ಟರ್ ಹಾಕಿದರೆ ಉತ್ತರ ನಿಧಾನ, ಬೇಗ ಬೇಕೆಂದರೆ ಅಲೆ. ಎಂಸಿಪಿ4725 ಎಂಬ 12 ಬಿಟ್ ಡಿಎಸಿ ಚಿಪ್ (ಅಂಕಿಯನ್ನು ನೇರ ವೋಲ್ಟೇಜ್ ಮಾಡುವಂಥದ್ದು) ಹಾಕಿದ ಮೇಲೆ ಆ ತಲೆನೋವು ಮುಗಿಯಿತು. ಅದರಲ್ಲಿ ಇನ್ನೊಂದು ಲಾಭವಿದೆ. ಕರೆಂಟ್ ಬಂದ ಕ್ಷಣ ಯಾವ ವೋಲ್ಟೇಜ್ ಕೊಡಬೇಕೆಂದು ಚಿಪ್ಪಿನ ಒಳಗೇ ಬರೆದಿಡಬಹುದು. ನಾನು ಐಡಲ್ ವೋಲ್ಟೇಜ್ ಬರೆದಿಟ್ಟೆ. ಆರ್ಡುಯಿನೊ ಎದ್ದು ಕೂರುವವರೆಗೆ ಇಸಿಯುಗೆ ಅಸಂಬದ್ಧ ಅಂಕಿ ಹೋಗುವುದಿಲ್ಲ. ಡಿಎಸಿಗೂ ಸೆನ್ಸರಿನ ರೆಫರೆನ್ಸಿಗೂ ಇಸಿಯುದೇ 5 ವೋಲ್ಟ್. ಆರ್ಡುಯಿನೊಗೆ ಮಾತ್ರ ಬೇರೆ ರೆಗ್ಯುಲೇಟರ್, ಅದರ ಮುಂದೆ ಸ್ಪೈಕ್ ತಡೆಯುವ ಡಯೋಡ್.

ಹಳೇದನ್ನು ಬಿಚ್ಚಿ, ಪೈಪ್ ಜೋಡಿಸಿ, ಸೆಲ್ಫ್ ಹೊಡೆದೆ. ಇಂಜಿನ್ ಸುಮ್ಮನೆ ತಿರುಗಿತು. ವೈರಿಂಗೆಲ್ಲ ಮತ್ತೆ ನೋಡಿದೆ, ಕೋಡ್ ನೋಡಿದೆ, ಅರ್ಧ ದಿನ ಹೋಯಿತು. ಆಮೇಲೆ ಕಿವಿಗೆ ಬಿದ್ದದ್ದು, ಅಲ್ಲ, ಬೀಳದೇ ಇದ್ದದ್ದು: ಪೆಟ್ರೋಲ್ ಪಂಪಿನ ಸದ್ದು. ಈ ಫ್ಲ್ಯಾಪ್ ಮೀಟರಿನ ಒಳಗೆ ಒಂದು ಸ್ವಿಚ್ ಇರುತ್ತದೆ. ಗಾಳಿ ಬಾಗಿಲನ್ನು ತುಸು ತೆರೆದರಷ್ಟೇ ಪಂಪ್ ಓಡುತ್ತದೆ. ಮೀಟರ್ ಹೋಯಿತು, ಜತೆಗೆ ಸ್ವಿಚ್ಚೂ ಹೋಯಿತು. ಎರಡು ವೈರ್ ಸೇರಿಸಿ ತಿರುಚಿಬಿಟ್ಟರೆ ಪಂಪ್ ಓಡುತ್ತದೆ ನಿಜ, ಆದರೆ ಡಿಕ್ಕಿಯಾಗಿ ಇಂಜಿನ್ ನಿಂತರೂ ಓಡುತ್ತಲೇ ಇರುತ್ತದೆ. ಹರಿದ ಪೈಪಿಗೆ ಪೆಟ್ರೋಲ್ ಸುರಿಯುವ ಪಂಪ್ ಯಾರಿಗೂ ಬೇಡ. ಇಗ್ನಿಷನ್ ಕಾಯಿಲಿನ ಪಲ್ಸ್ ಬರುತ್ತಿದ್ದರೆ ಮಾತ್ರ ಕರೆಂಟ್ ಬಿಡುವ ರಿಲೇ ಹುಡುಕಿ ಹಾಕಿದೆ. ಇಲ್ಲಿ ಮಾತ್ರ ಕಾಸಿನ ಮುಖ ನೋಡಲಿಲ್ಲ.

ಸ್ಟಾರ್ಟ್ ಆಯಿತು. ರಾತ್ರಿ ಹೆಡ್‌ಲೈಟ್ ಹಾಕಿದರೆ ಐಡಲಿಂಗ್ ಬದಲಾಗುತ್ತಿತ್ತು. ಡಬ್ಬಿಯ ಗ್ರೌಂಡ್ ವೈರನ್ನು ಕಾರಿನ ಲೋಹದ ಮೈಗೆ ಕೊಟ್ಟಿದ್ದೆ, ಇಸಿಯುವಿನ ಸೆನ್ಸರ್ ಗ್ರೌಂಡಿಗೆ ಕೊಡಬೇಕಿತ್ತು. ಒಂದು ವೈರ್ ಸ್ಥಳಾಂತರ, ಮುಗಿಯಿತು.

ಇದಕ್ಕಿಂತ ಜಾಣ ತೊಂದರೆ ಮಧ್ಯಾಹ್ನಗಳಲ್ಲಿ ಕಾಣಿಸಿಕೊಂಡಿತು. ಬೆಳಿಗ್ಗೆ ಮಿಶ್ರಣ ಸರಿ, ಬಿಸಿಲೇರಿದಂತೆ ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಸ್ನೇಹಿತರೊಬ್ಬರಿಂದ ಎರವಲು ತಂದ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಮೀಟರ್ (ಹೊಗೆ ನೋಡಿ ಮಿಶ್ರಣ ಅಳೆಯುವಂಥದ್ದು) ಅದನ್ನು ಸ್ಪಷ್ಟವಾಗಿ ತೋರಿಸಿತು. ಕಾರಣ ಹೀಗೆ. ಫ್ಲ್ಯಾಪಿಗೆ ಗಾಳಿಯ ತೂಕ ನೇರವಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಇಸಿಯು ಗಾಳಿಯ ಉಷ್ಣತೆ ನೋಡಿ ಬಿಸಿ ಗಾಳಿಗೆ ಪೆಟ್ರೋಲ್ ಕಡಿತ ಮಾಡುತ್ತದೆ. ಹೊಸ ಸೆನ್ಸರ್ ಆ ಕಡಿತವನ್ನು ಮೊದಲೇ ಮಾಡಿ ಕೊಡುತ್ತಿತ್ತು. ಒಂದೇ ಸಾಲವನ್ನು ಎರಡು ಸಲ ತೀರಿಸಿದಂತೆ. ಅಂಕಿ ಸಂಗ್ರಹಿಸಿದ ಬೆಳಗಿನ ಉಷ್ಣತೆಯಲ್ಲಿ ಗಾಳಿಯ ತಾಪ ಅಳೆಯುವ ಹಳೇ ಸೆನ್ಸರಿನ ರೆಸಿಸ್ಟೆನ್ಸ್ ಅಳೆದೆ, ಹತ್ತಿರ ಹತ್ತಿರ 2.2 ಕಿಲೋ ಓಮ್. ಅದರ ಜಾಗಕ್ಕೆ ಅದೇ ಬೆಲೆಯ ರೆಸಿಸ್ಟರ್ ಸೋಲ್ಡರ್ ಮಾಡಿದೆ. ಇಸಿಯು ಪಾಲಿಗೆ ಈಗ ಸದಾ ಬೆಳಗು.

ಗಾಳಿಯ ತೂಕವನ್ನೇ ಅಳೆಯುವುದರ ಫಲ ಬೆಟ್ಟ ಹತ್ತುವಾಗ ಕಂಡಿತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 2000 ಮೀಟರಿನಲ್ಲಿ ಸಮುದ್ರ ಮಟ್ಟಕ್ಕಿಂತ ಸಾಂದ್ರತೆ ಶೇ. 18ರಷ್ಟು ಕಡಿಮೆ. ಫ್ಲ್ಯಾಪ್ ಮೀಟರ್ ಇದರಲ್ಲಿ ಅರ್ಧದಷ್ಟನ್ನಷ್ಟೇ ಗುರುತಿಸುತ್ತದೆ, ಹಾಗಾಗಿ ಅಲ್ಲಿ ಶೇ. 10ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೊದಲು ಮೇಲೆ ಹೋದಾಗ ಬರುತ್ತಿದ್ದ ಹಸಿ ಪೆಟ್ರೋಲ್ ವಾಸನೆ, ಮಂಕುತನ ಈಗಿಲ್ಲ. ಪವರ್ ಹೆಚ್ಚಿತೇ ಎಂದು ಕೇಳುವವರಿಗೆ: ಇಲ್ಲ. ಅದಕ್ಕಾಗಿ ಮಾಡುವ ಕೆಲಸ ಇದಲ್ಲ.

ಕೊನೆಗೆ ಉಳಿದದ್ದು ಆಕ್ಸಿಲರೇಟರ್ ಫಕ್ಕನೆ ಒತ್ತಿದಾಗಿನ ಒಂದು ಗುಟುಕು ತಡೆ. ಹಳೇ ಫ್ಲ್ಯಾಪ್ ಗಾಳಿಯ ಹೊಡೆತಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ತೆರೆದು ಆಮೇಲೆ ಹಿಂದೆ ಬರುತ್ತಿತ್ತು. ನಾನು ದೋಷ ಅಂದುಕೊಂಡು ಎಸೆದ ಆ ತೂಗಾಟವೇ ಆ ಕ್ಷಣಕ್ಕೆ ಬೇಕಾದ ಹೆಚ್ಚುವರಿ ಪೆಟ್ರೋಲ್ ಕೊಡುತ್ತಿತ್ತು! ಕೋಡಿನಲ್ಲಿ ಅದನ್ನೇ ನಕಲು ಮಾಡಿದೆ: ಸಿಗ್ನಲ್ ಜೋರಾಗಿ ಏರಿದರೆ ಸುಮಾರು 200 ಮಿಲಿಸೆಕೆಂಡ್ ಕಾಲ ಸ್ವಲ್ಪ ಉತ್ಪ್ರೇಕ್ಷೆ ಮಾಡಿ ಹೇಳು, ಆಮೇಲೆ ನಿಜಕ್ಕೆ ಇಳಿ. ಎಷ್ಟು ಉತ್ಪ್ರೇಕ್ಷೆ ಅನ್ನುವುದನ್ನು ಓಡಿಸಿ ಓಡಿಸಿಯೇ ಹುಡುಕಿದ್ದು. ಇಂಜಿನ್ ಬಿಸಿಯಾದ ಮೇಲೆ ತಡೆ ಪೂರ್ತಿ ಹೋಗಿದೆ. ತಣ್ಣಗಿರುವಾಗ ಮೊದಲ ಎರಡು ನಿಮಿಷ ಇನ್ನೂ ಸ್ವಲ್ಪ ಮುನಿಸಿಕೊಳ್ಳುತ್ತದೆ. ಇಂಜಿನ್ನಿನ ತಾಪವನ್ನೂ ನ್ಯಾನೊಗೆ ಓದಿಸಿದರೆ ಸರಿಹೋಗಬಹುದು. ಒಂದು ಪಿನ್ ಖಾಲಿ ಬಿಟ್ಟಿದ್ದೇನೆ.