ಪ್ರೊಫೆಸರ್ ಹೆಸರು ನೋಡಿದ್ದು ಸಾಕು, ಗ್ರಾಂಟ್ ಆಫೀಸ್ ಹೇಗಿದೆ ಕೇಳಿ

ಪಿಎಚ್‌ಡಿ ಮುಗಿಸಿ ಯುರೋಪಿಗೆ ಬರುವ ನಮ್ಮವರು ಕೇಳುವ ಮೊದಲ ಪ್ರಶ್ನೆ, "ಮೇರಿ ಕ್ಯೂರಿ ಫೆಲೋಶಿಪ್‌ಗೆ (ಪಿಎಚ್‌ಡಿ ನಂತರದ ಸಂಶೋಧನೆಗೆ ಯುರೋಪಿಯನ್ ಒಕ್ಕೂಟ ಕೊಡುವ ಹಣ) ಯಾವ ಪ್ರೊಫೆಸರ್ ಒಳ್ಳೆಯವರು?" ನಾನು ತಿರುಗಿ ಕೇಳುತ್ತೇನೆ: ಅವರ ಯೂನಿವರ್ಸಿಟಿಯ ಗ್ರಾಂಟ್ ಆಫೀಸ್, ಅಂದರೆ ಇಂಥ ಅರ್ಜಿ ಬರೆಯಲು ನೆರವಾಗುವ ಕಚೇರಿ, ಹೇಗಿದೆ ಅಂತ ವಿಚಾರಿಸಿದಿರಾ? ಅಂಥದ್ದೊಂದು ಇರುತ್ತದೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ.

ನಾನು ಮೊದಲ ಸಲ ಅರ್ಜಿ ಹಾಕಿದ್ದು ದೊಡ್ಡ ಹೆಸರಿನವರ ಜೊತೆ. ಕೊನೇ ದಿನಾಂಕಕ್ಕೆ ನಾಲ್ಕು ದಿನ ಇದ್ದಾಗ ಅವರು ಕರಡು ನೋಡಿ "ಚೆನ್ನಾಗಿದೆ" ಅಂದರು, ಅಷ್ಟೇ. ಬರಲಿಲ್ಲ. ಮರುವರ್ಷ ಅದೇ ಐಡಿಯಾ ಹಿಡಿದು ಅಷ್ಟೇನೂ ಹೆಸರಿಲ್ಲದ ಕಡೆಯಿಂದ ಹಾಕಿದೆ, ಸಿಕ್ಕಿತು.

ಅಲ್ಲಿನ ಗ್ರಾಂಟ್ ಆಫೀಸಿನ ದಯೆ. ಯಾಕೆ ಅಂದರೆ, ಅರ್ಜಿಗೆ ಅಂಕ ಕೊಡುವ ಲೆಕ್ಕ ನೋಡಿ. ಸಂಶೋಧನೆಯ ಗುಣಮಟ್ಟಕ್ಕೆ ಶೇ. 50, ಪರಿಣಾಮಕ್ಕೆ 30, ಕೆಲಸ ನಡೆಸುವ ಯೋಜನೆಗೆ 20. ಮೊದಲ ಭಾಗವನ್ನು ನಾವು ಚೆನ್ನಾಗಿಯೇ ಬರೆಯುತ್ತೇವೆ. ಉಳಿದ ಅರ್ಧದಲ್ಲಿ ಜಾರುತ್ತೇವೆ, ಥೀಸಿಸ್‌ನ ಕೊನೇ ಅಧ್ಯಾಯದ ಹಾಗೆ "ಸಮಾಜಕ್ಕೆ ಉಪಯೋಗವಾಗುತ್ತದೆ" ಅಂತ ಸುಮ್ನೆ ಒಂದು ಸಾಲು ಗೀಚಿಬಿಡುತ್ತೇವೆ. ಗೆಲ್ಲುವ ಸಂಸ್ಥೆಗಳಲ್ಲಿ ಈ ಭಾಗವನ್ನು ವರ್ಷಕ್ಕೆ ಹತ್ತಾರು ಸಲ ಓದಿ ತಿದ್ದಿದವರು ಇರುತ್ತಾರೆ. ಹಿಂದೆ ಗೆದ್ದವರ ಅರ್ಜಿ ತೋರಿಸುತ್ತಾರೆ, ಮೌಲ್ಯಮಾಪಕರಾಗಿ ಕೂತು ಬಂದವರು ಪಕ್ಕದ ಕೋಣೆಯಲ್ಲೇ ಸಿಗುತ್ತಾರೆ. ಹತ್ತು ಪುಟ ದಾಟಿದ್ದನ್ನು ಯಾರೂ ಓದುವುದಿಲ್ಲ ಅಂತ ಹೇಳಿ ನಿರ್ದಾಕ್ಷಿಣ್ಯವಾಗಿ ಕತ್ತರಿಸಲು ಒಬ್ಬರು ಬೇಕು, ಅಲ್ವಾ? ಪೈಪೋಟಿಯೂ ಹಾಗಿದೆ: 2024ರಲ್ಲಿ 10,360 ಅರ್ಜಿ ಬಂದು ಗೆದ್ದದ್ದು 1,696.

ಅವರೇನು ಧರ್ಮಕ್ಕೆ ಮಾಡುತ್ತಾರಾ? ಇಲ್ಲ. ಮುಂದೆ ನೀವು ಇಆರ್‌ಸಿಯ (ಯುರೋಪಿಯನ್ ರಿಸರ್ಚ್ ಕೌನ್ಸಿಲ್) ದೊಡ್ಡ ಗ್ರಾಂಟ್ ತರಬಹುದು ಅನ್ನುವ ಆಸೆ. ಅದರ ಸ್ಟಾರ್ಟಿಂಗ್ ಗ್ರಾಂಟ್ ಐದು ವರ್ಷಕ್ಕೆ ಸಾಮಾನ್ಯವಾಗಿ 15 ಲಕ್ಷ ಯೂರೋವರೆಗೆ. ನೇರ ಖರ್ಚಿನ ಮೇಲೆ ಶೇ. 25 ಸಂಸ್ಥೆಯ ಖರ್ಚಿಗೆ ಅಂತ ಸೇರುತ್ತದೆ, ಅಂದರೆ ಪೂರ್ತಿ ಮೊತ್ತ ಸಿಕ್ಕರೆ ಅದರಲ್ಲಿ 3 ಲಕ್ಷ ಅವರಿಗೆ. ಗೆದ್ದವರು ಗ್ರಾಂಟನ್ನು ಬೇರೆ ಕಡೆಗೂ ಒಯ್ಯಬಹುದು, ಹಾಗಾಗಿ ಬುದ್ಧಿವಂತ ಸಂಸ್ಥೆಗಳು ಚೆನ್ನಾಗಿಯೇ ನೋಡಿಕೊಳ್ಳುತ್ತವೆ. ಇಆರ್‌ಸಿಯಲ್ಲಿ ಎರಡನೇ ಸುತ್ತಿಗೆ ಸಂದರ್ಶನ ಇದೆ, ಅದಕ್ಕೆ ಬೇರೆ ಬೇರೆ ವಿಭಾಗದವರನ್ನು ಕೂರಿಸಿ ಅಣಕು ಸಂದರ್ಶನ ನಡೆಸಿ ಬೆವರಿಳಿಸುತ್ತಾರೆ. ಫ್ರಾನ್ಸಿನ ಸಿಎನ್‌ಆರ್‌ಎಸ್, ಜರ್ಮನಿಯ ಮ್ಯಾಕ್ಸ್ ಪ್ಲಾಂಕ್‌ನಂಥ ದೊಡ್ಡ ಸಂಶೋಧನಾ ಸಂಸ್ಥೆಗಳು ಇಆರ್‌ಸಿ ಗೆದ್ದವರ ಪಟ್ಟಿಯ ಮೇಲ್ಭಾಗದಲ್ಲೇ ಇರುವುದಕ್ಕೆ ಪ್ರತಿಭೆ ಒಂದೇ ಕಾರಣವಲ್ಲ. ಸಂಸ್ಥೆಯದ್ದೇ ಹಣ ಇದೆ, ಮೊದಲ ಪ್ರಯೋಗಗಳನ್ನು ಅದರಲ್ಲೇ ಮುಗಿಸಿಕೊಂಡು ಅರ್ಜಿ ಹಾಕುತ್ತಾರೆ. ಇದ್ದವರ ಕಡೆಗೇ ಇನ್ನಷ್ಟು ಹರಿಯುತ್ತದೆ. ನನಗದು ಅಷ್ಟು ಸರಿ ಅನಿಸುವುದಿಲ್ಲ, ಆದರೆ ಇರೋದು ಹಾಗೆ.

ಹಾಗಂತ ದೊಡ್ಡ ಹೆಸರಿಗೇ ಜೋತು ಬೀಳಬೇಡಿ. ಪೋರ್ಚುಗಲ್, ಪೋಲೆಂಡ್‌ನಂಥ ದೇಶದ ಸಂಸ್ಥೆ ಆರಿಸಿಕೊಂಡರೆ ಅದೇ ಮೇರಿ ಕ್ಯೂರಿ ಅರ್ಜಿಗೆ ಇಆರ್‌ಎ ಫೆಲೋಶಿಪ್ ಅನ್ನುವ ಎರಡನೇ ಅವಕಾಶವೂ ಇದೆ. ಶೇ. 85 ಅಥವಾ ಹೆಚ್ಚು ಅಂಕ ಬಂದೂ ಹಣ ಸಿಗದವರಿಗೆ ಸೀಲ್ ಆಫ್ ಎಕ್ಸಲೆನ್ಸ್ ಅನ್ನುವ ಪ್ರಮಾಣಪತ್ರ ಕೊಡುತ್ತಾರೆ, ಕೆಲವು ಕಡೆ ಅದನ್ನು ನೋಡಿ ಅಲ್ಲಿನವರೇ ಹಣ ಕೊಡುವುದುಂಟು.

ಮೇರಿ ಕ್ಯೂರಿಗೆ ಕೊನೇ ದಿನಾಂಕ ಸಾಮಾನ್ಯವಾಗಿ ಸೆಪ್ಟೆಂಬರ್. ಎಷ್ಟೋ ಯೂನಿವರ್ಸಿಟಿಗಳು ವರ್ಷದ ಮೊದಲ ತಿಂಗಳುಗಳಲ್ಲೇ ಆಸಕ್ತರನ್ನು ಕರೆದು, ಆರಿಸಿ, ಕಾರ್ಯಾಗಾರ ಮಾಡುತ್ತವೆ. ಆಗಸ್ಟಿನಲ್ಲಿ ಇಮೇಲ್ ಹಾಕಿದರೆ ಬಸ್ ಹೊರಟು ಹೋಗಿರುತ್ತದೆ. ಈಚೆಗೆ ಎಷ್ಟು ಜನ ಗೆದ್ದರು, ಕರಡನ್ನು ಯಾರು ಓದುತ್ತಾರೆ, ಎಷ್ಟು ವಾರ ಮುಂಚೆ ಕಳಿಸಬೇಕು ಅಂತ ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಇನ್ನೊಂದು ವಿಷಯ, ಮದುವೆಯಾಗಿ ಸಂಗಾತಿಯ ಜೊತೆ ಬಂದವರಿಗೆ ಮುಖ್ಯವಾಗಿ. ಕೊನೇ ದಿನಾಂಕದ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಯಾವ ದೇಶದಲ್ಲಿ ವಾಸ ಇದ್ದಿರೋ ಆ ದೇಶದ ಸಂಸ್ಥೆಯಿಂದ ಮೇರಿ ಕ್ಯೂರಿಗೆ ಹಾಕುವ ಹಾಗಿಲ್ಲ. ಕೆಲಸ ಮಾಡದೆ ಮನೆಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಮೊದಲು ಸೆಟಲ್ ಆಗೋಣ, ಆಮೇಲೆ ಅರ್ಜಿ ಅಂದುಕೊಂಡಿದ್ದರೆ ಇವತ್ತೇ ಪಾಸ್‌ಪೋರ್ಟ್ ತೆಗೆದು ತಿಂಗಳು ಎಣಿಸಿ.