ಲಿನಕ್ಸ್‌ನಲ್ಲಿ ನುಡಿ, ಟ್ಯಾಲಿ, ಪೇಜ್‌ಮೇಕರ್: ಯಾವುದಕ್ಕೆ ಯಾವ ದಾರಿ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಮುಂಬಯಿಯ ಹೋಟೆಲ್ ಗಲ್ಲಾದ ಪಕ್ಕದಲ್ಲೋ ಕನ್ನಡ ಸಂಘದ ಕಚೇರಿಯಲ್ಲೋ ಇರುವ ಹಳೆಯ ಕಂಪ್ಯೂಟರ್‌ಗಳಲ್ಲಿ ಇವೆರಡೂ ಇರುವುದು ಅಪರೂಪ. ಅಂಥ ಯಂತ್ರದ ಮೇಲೂ ವಿಂಡೋಸ್ ಬದಲು ಹಾಕಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್ ಸರಾಗವಾಗಿ ಓಡುತ್ತದೆ. ಜನರನ್ನು ತಡೆಯುವುದು ಒಂದೇ ಪ್ರಶ್ನೆ: ನಮ್ಮ ಟ್ಯಾಲಿ, ನುಡಿಯಲ್ಲಿ ಬರೆದ ಪತ್ರಗಳು, ಬಿಲ್ಲಿಂಗ್ ಸಾಫ್ಟ್‌ವೇರ್ ಏನಾಗಬೇಕು?

ಎಲ್ಲಕ್ಕೂ ಒಂದೇ ಮದ್ದು ಹುಡುಕುವವರು ಮೊದಲ ವಾರದಲ್ಲೇ ಬೇಸತ್ತು ವಿಂಡೋಸ್‌ಗೆ ಮರಳುತ್ತಾರೆ. ಪ್ರತಿಯೊಂದು ಸಾಫ್ಟ್‌ವೇರ್‌ನ ಎದುರು ಕುಳಿತು ಎರಡು ಸಂಗತಿ ಗುರುತು ಹಾಕಿಕೊಳ್ಳಿ. ಈ ಕೆಲಸಕ್ಕೆ ಲಿನಕ್ಸ್‌ನಲ್ಲೇ ಬೇರೆ ದಾರಿ ಇದೆಯೇ? ಇಲ್ಲವಾದರೆ, ಇದಕ್ಕೆ ಯುಎಸ್‌ಬಿ ಲಾಕ್, ಲೈಸೆನ್ಸ್ ಸರ್ವಿಸ್, ಪ್ರತ್ಯೇಕ ಡ್ರೈವರ್‌ನಂಥದ್ದು ಏನಾದರೂ ಬೇಕೇ? ಬೇರೆ ದಾರಿ ಇದ್ದರೆ ವಿಂಡೋಸ್ ಸಾಫ್ಟ್‌ವೇರ್‌ನ ಹಂಗೇ ಬೇಡ. ದಾರಿ ಇಲ್ಲದೆ, ಡ್ರೈವರ್ ಕೂಡ ಬೇಡವಾದರೆ, ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲೇ ಓಡಿಸುವ ವೈನ್ ಸಾಕು. ಡ್ರೈವರ್ ಬೇಕೆಂದರೆ ವರ್ಚುವಲ್ ಮಷೀನ್, ಅಂದರೆ ಲಿನಕ್ಸ್‌ನೊಳಗೆ ಇಡೀ ವಿಂಡೋಸನ್ನೇ ಓಡಿಸುವ ಕಂಪ್ಯೂಟರಿನೊಳಗಿನ ಕಂಪ್ಯೂಟರ್.

ವಿಂಡೋಸ್ ಅಳಿಸುವ ಮುನ್ನ

ಹಳೆಯ ಡಿಸ್ಕನ್ನು ಮುಟ್ಟಬೇಡಿ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ನಿಮ್ಮ ಊರಿನ ಅಂಗಡಿಯಲ್ಲೋ 256 ಅಥವಾ 512 ಜಿಬಿಯ ಎಸ್‌ಎಸ್‌ಡಿ ತಂದು ಅದರ ಮೇಲೆ ಲಿನಕ್ಸ್ ಹಾಕಿ. ವರ್ಚುವಲ್ ಮಷೀನ್ ಬೇಕೆಂದಿದ್ದರೆ 512ರದ್ದೇ ತನ್ನಿ. ಡಿಸ್ಕ್ ಬದಲಿಸುವ ಮೊದಲು ಮೂರು ಕೆಲಸ. ಟ್ಯಾಲಿಯ ಹೆಲ್ಪ್ ಮೆನುವಿನ ಲೈಸೆನ್ಸ್ ಭಾಗದಲ್ಲಿ ‘ಸರೆಂಡರ್’ ಮಾಡಿ, ಇಲ್ಲದಿದ್ದರೆ ಲೈಸೆನ್ಸ್ ಹಳೆಯ ವಿಂಡೋಸ್‌ಗೇ ಅಂಟಿಕೊಂಡಿರುತ್ತದೆ. ಕಂಪನಿ ಆರಿಸುವ ತೆರೆಯಲ್ಲಿ ಕಾಣುವ ಡೇಟಾ ಪಾತ್ ಬರೆದುಕೊಂಡು ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲಿಸಿ, ಟ್ಯಾಲಿಯೊಳಗಿಂದಲೂ ಒಂದು ಬ್ಯಾಕಪ್ ತೆಗೆಯಿರಿ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿರುವ ಫಾಂಟ್ಸ್‌ನಿಂದ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳನ್ನೆಲ್ಲ ಎತ್ತಿಟ್ಟುಕೊಳ್ಳಿ.

ನುಡಿಗೆ ವೈನ್ ಬೇಕಿಲ್ಲ

ನುಡಿಯನ್ನು ವೈನ್‌ನಲ್ಲಿ ಹಾಕಿದರೆ ಅದು ಕೀಲಿಮಣೆಯನ್ನು ಹಿಡಿಯುವುದು ವೈನ್‌ನೊಳಗಿನ ಕಿಟಕಿಗಳಿಗೆ ಮಾತ್ರ. ಲಿಬ್ರೆ ಆಫೀಸ್‌ನಲ್ಲಾಗಲಿ ಫೈರ್‌ಫಾಕ್ಸ್‌ನಲ್ಲಾಗಲಿ ಕನ್ನಡ ಮೂಡುವುದಿಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ ನೀವು ಬೆರಳಿಗೆ ರೂಢಿಸಿಕೊಂಡಿರುವ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೇ ಇದೆ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್ಸ್ ತೆರೆದು, ಲೇಔಟ್ಸ್‌ನಲ್ಲಿ ಕೂಡಿಸು ಗುರುತು ಒತ್ತಿ, ಕನ್ನಡದ ಸಾಲುಗಳಲ್ಲಿ ‘ಕಗಪ ಫೊನೆಟಿಕ್’ ಎಂಬುದನ್ನು ಆರಿಸಿ. ಭಾಷೆ ಬದಲಿಸುವ ಕೀಲಿಯನ್ನು ಅಲ್ಲೇ ಆಪ್ಷನ್ಸ್‌ನಲ್ಲಿ ಗೊತ್ತುಮಾಡಬಹುದು. ನುಡಿಯಲ್ಲಿದ್ದಂತೆಯೇ ಒತ್ತಕ್ಷರಕ್ಕೆ ಎಫ್ ಕೀಲಿ.

ತೊಂದರೆ ಇರುವುದು ಹಳೆಯ ಕಡತಗಳಲ್ಲಿ. ‘ನುಡಿ 01 ಇ’ಯಂಥ ಫಾಂಟ್‌ನಲ್ಲಿ ಬರೆದ ಪತ್ರದೊಳಗೆ ಇರುವುದು ಆಸ್ಕಿ ಸಂಕೇತ, ಯೂನಿಕೋಡ್ ಕನ್ನಡವಲ್ಲ. ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಎತ್ತಿಟ್ಟುಕೊಂಡ ಫಾಂಟ್ ಫೈಲ್ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಮಾಡಿದರೆ ಓದಲು, ಮುದ್ರಿಸಲು ಅಷ್ಟೇ ಸಾಕು. ಹುಡುಕಲು, ವಾಟ್ಸ್ಆ್ಯಪ್‌ನಲ್ಲಿ ಕಳಿಸಲು, ಮತ್ತೆ ತಿದ್ದಲು ಬೇಕೆಂದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಬದಲಿಸಿದ ಮೇಲೆ ಅರ್ಕಾವತ್ತು, ದೀರ್ಘಗಳು ಮತ್ತು ನಡುವೆ ಬಂದಿರುವ ಇಂಗ್ಲಿಷ್ ಪದಗಳನ್ನು ಕಣ್ಣಾರೆ ನೋಡಲೇಬೇಕು. ಇಂಗ್ಲಿಷ್ ಹೆಸರನ್ನೂ ನುಡಿ ಸಂಕೇತವೆಂದೇ ಎಣಿಸಿ ಪರಿವರ್ತಕ ಕೆಡಿಸಿಬಿಡುತ್ತದೆ. ಸಂಘದ ಸದಸ್ಯರ ಪಟ್ಟಿಯಲ್ಲಿ ಹೀಗಾದರೆ ವಿಳಾಸಗಳೇ ಕೆಡುತ್ತವೆ.

ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆಗಳ ಹಳೆಯ ಪೇಜ್‌ಮೇಕರ್ ಕಡತಗಳಿಗೆ ಮೊದಲು ಲಿಬ್ರೆ ಆಫೀಸ್ ಡ್ರಾ ಪ್ರಯತ್ನಿಸಿ. ಪೇಜ್‌ಮೇಕರ್ 6 ಮತ್ತು 7ರ ಕಡತಗಳನ್ನು ಅದು ನೇರವಾಗಿ ತೆರೆಯುತ್ತದೆ. ಪುಟದ ಜೋಡಣೆ ಅಲ್ಲಲ್ಲಿ ಸರಿದೀತು, ಒಳಗಿನ ಪಠ್ಯ ಕೈಗೆ ಸಿಗುತ್ತದೆ.

ವೈನ್: ಬಾಟಲ್ಸ್ ಮೂಲಕ

ವೈನ್ 1993ರಿಂದ ಬೆಳೆದು ಬಂದಿರುವ ಮುಕ್ತ ತಂತ್ರಾಂಶ. ಅದು ಇಡೀ ವಿಂಡೋಸನ್ನು ಓಡಿಸುವುದಿಲ್ಲ. ಸಾಫ್ಟ್‌ವೇರ್ ವಿಂಡೋಸ್‌ಗೆ ಹಾಕುವ ಕರೆಗಳನ್ನು ಲಿನಕ್ಸ್‌ನ ಕರೆಗಳಾಗಿ ಬದಲಿಸುತ್ತದೆ, ಅಷ್ಟೇ. ಆದ್ದರಿಂದ ವಿಂಡೋಸ್ ಲೈಸೆನ್ಸ್ ಬೇಡ, 4 ಜಿಬಿ ರ‍್ಯಾಮ್‌ನ ಯಂತ್ರದಲ್ಲೂ ನಡೆಯುತ್ತದೆ. ಹೊಸಬರಿಗೆ ನಮ್ಮ ಶಿಫಾರಸು, ವೈನನ್ನು ‘ಬಾಟಲ್ಸ್’ ಎಂಬ ಆ್ಯಪ್ ಮೂಲಕ ಬಳಸಿ ಎಂಬುದು. ಒಂದೊಂದು ಸಾಫ್ಟ್‌ವೇರ್‌ಗೆ ಒಂದೊಂದು ಬಾಟಲ್ ಮಾಡಿದರೆ ಒಂದು ಕೆಟ್ಟರೂ ಇನ್ನೊಂದಕ್ಕೆ ಏಟಿಲ್ಲ.

ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಬಾಟಲ್ಸ್‌ನ ಫ್ಲಾಟ್‌ಪ್ಯಾಕ್ (ಬೇರೆ ಕಡತಗಳಿಂದ ಬೇರ್ಪಟ್ಟು ಓಡುವ) ಆವೃತ್ತಿ ಹಾಕಿ. ಮೊದಲ ಸಲ ತೆರೆದಾಗ ತನಗೆ ಬೇಕಾದ ಭಾಗಗಳನ್ನು ಇಳಿಸಿಕೊಳ್ಳುತ್ತದೆ, ಹಾಗಾಗಿ ಒಳ್ಳೆಯ ನೆಟ್ ಇರಲಿ. ಹೊಸ ಬಾಟಲ್ ಮಾಡಿ, ಹೆಸರು ಕೊಟ್ಟು, ‘ಅಪ್ಲಿಕೇಶನ್’ ಬಗೆಯನ್ನು ಆರಿಸಿ. ಸೆಟಪ್ ಫೈಲನ್ನು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿಟ್ಟು ‘ರನ್ ಎಕ್ಸಿಕ್ಯೂಟಬಲ್’ ಒತ್ತಿ ಅದನ್ನು ತೋರಿಸಿ. ಪೆನ್‌ಡ್ರೈವ್‌ನಿಂದ ನೇರ ಓಡಿಸಿದರೆ ಸಾಮಾನ್ಯವಾಗಿ ಕೈಕೊಡುತ್ತದೆ, ಏಕೆಂದರೆ ಫ್ಲಾಟ್‌ಪ್ಯಾಕ್ ಬಾಟಲ್ಸ್‌ಗೆ ನಿಮ್ಮ ಬೇರೆ ಫೋಲ್ಡರ್‌ಗಳು ಕಾಣುವುದಿಲ್ಲ. ಈ ಬೇಲಿ ನಿಮ್ಮ ರಕ್ಷಣೆಗೇ ಇದೆ. ವಿಂಡೋಸ್ ವೈರಸ್ ವೈನ್‌ನಲ್ಲೂ ಓಡಬಲ್ಲದು. ಎಲ್ಲ ಫೋಲ್ಡರ್‌ಗೂ ಅನುಮತಿ ಕೊಡುವ ಬದಲು ಬೇಕಾದ ಒಂದೇ ಫೋಲ್ಡರನ್ನು ಅನುಮತಿಗಳನ್ನು ಹೊಂದಿಸುವ ‘ಫ್ಲಾಟ್‌ಸೀಲ್’ ಆ್ಯಪ್ ಮೂಲಕ ತೆರೆದುಕೊಡಿ.

ಸಾಫ್ಟ್‌ವೇರ್ ತೆರೆಯದೆ ಯಾವುದೋ ಡಿಎಲ್‌ಎಲ್ (ಸಾಫ್ಟ್‌ವೇರ್‌ಗೆ ಬೇಕಾದ ಸಹಾಯಕ ಫೈಲ್) ಇಲ್ಲ ಎಂದರೆ ಗಾಬರಿ ಬೇಡ, ಆ ಹೆಸರೇ ದಾರಿ ತೋರಿಸುತ್ತದೆ. ನಮ್ಮಲ್ಲಿನ ಎಷ್ಟೋ ಸಣ್ಣ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ವಿಷುವಲ್ ಬೇಸಿಕ್ 6ರಲ್ಲಿ ಬರೆದವು. ಅವಕ್ಕೆ ವಿಬಿ6 ರನ್‌ಟೈಮ್ ಬೇಕು, ಆ್ಯಕ್ಸೆಸ್ ಡೇಟಾಬೇಸ್ ಇದ್ದರೆ ಜೆಟ್ 4 ಕೂಡ. ಬಾಟಲ್ಸ್‌ನ ಡಿಪೆಂಡೆನ್ಸೀಸ್ ಪಟ್ಟಿಯಲ್ಲಿ ಸಿಗದ್ದು ಇಂಥ ಭಾಗಗಳನ್ನು ಹಾಕಿಕೊಡುವ ವೈನ್‌ಟ್ರಿಕ್ಸ್‌ನಲ್ಲಿ ಸಿಗಬಹುದು. ಹಿಂದೆ ಎಸ್‌ಕ್ಯೂಎಲ್ ಸರ್ವರ್ ಇರುವ ಸಾಫ್ಟ್‌ವೇರ್ ಆದರೆ ಇಲ್ಲಿ ಕಾಲ ಕಳೆಯಬೇಡಿ, ನೇರ ವರ್ಚುವಲ್ ಮಷೀನ್‌ಗೆ ಹೋಗಿ.

ಇನ್ನೊಂದು ಎಚ್ಚರಿಕೆ ದಿನಾಂಕದ್ದು. ವೈನ್ ದಿನಾಂಕದ ಕ್ರಮವನ್ನು ಲಿನಕ್ಸ್‌ನಿಂದ ಪಡೆಯುತ್ತದೆ. ಮಿಂಟ್ ಹಾಕುವಾಗ ಅಮೆರಿಕದ ಇಂಗ್ಲಿಷ್ ಉಳಿಸಿಕೊಂಡಿದ್ದರೆ ಏಪ್ರಿಲ್ 5ರ ಬಿಲ್ ಮೇ 4ಕ್ಕೆ ಹೋಗಿ ಕೂರಬಹುದು. ಲ್ಯಾಂಗ್ವೇಜಸ್ ಸೆಟ್ಟಿಂಗ್‌ನಲ್ಲಿ ಪ್ರದೇಶವನ್ನು ‘ಇಂಗ್ಲಿಷ್, ಇಂಡಿಯಾ’ ಮಾಡಿ, ಲಾಗ್‌ಔಟ್ ಆಗಿ ಬನ್ನಿ.

ಟ್ಯಾಲಿ ಮತ್ತು ಯುಎಸ್‌ಬಿ ಲಾಕ್‌ಗಳಿಗೆ ವರ್ಚುವಲ್ ಮಷೀನ್

ಡಿಜಿಟಲ್ ಸಹಿಯ ಟೋಕನ್, ಡಿಟಿಪಿ ಸಾಫ್ಟ್‌ವೇರ್‌ನ ಹಾರ್ಡ್‌ವೇರ್ ಲಾಕ್ ಇವು ವಿಂಡೋಸ್ ಡ್ರೈವರ್ ಕೇಳಿದರೆ ವೈನ್ ಕೈಚೆಲ್ಲುತ್ತದೆ. ಟೋಕನ್‌ಗೆ ತಯಾರಕರೇ ಲಿನಕ್ಸ್ ಡ್ರೈವರ್ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಿ, ಕೆಲವದಕ್ಕೆ ಇದೆ. ಟ್ಯಾಲಿಯನ್ನು ವೈನ್‌ನಲ್ಲಿ ಪರೀಕ್ಷಿಸಲು ಎಜುಕೇಶನಲ್ ಮೋಡ್ ಇದೆ. ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ನಮೂದು ಹಾಕಲು ಬಿಡುತ್ತದೆ, ನೋಡುವುದಕ್ಕೆ ಅಷ್ಟು ಸಾಕು. ಆದರೆ ಜಿಎಸ್‌ಟಿ ಲೆಕ್ಕ ಅದರ ಮೇಲೆ ನಿಂತಿದ್ದರೆ ವೈನ್‌ನ ಮೇಲೆ ಭಾರ ಹಾಕಬಾರದು ಎಂಬುದೇ ನಮ್ಮ ಅಭಿಪ್ರಾಯ.

ವರ್ಚುವಲ್ ಮಷೀನ್ ನಡೆಸುವ ಸಾಫ್ಟ್‌ವೇರ್ ವರ್ಚುವಲ್ ಬಾಕ್ಸ್ 7. ಹೀಗೆ ವಿಂಡೋಸ್ ಓಡಿಸಲು ಯಂತ್ರದಲ್ಲಿ ಕಡಿಮೆಯೆಂದರೆ 8 ಜಿಬಿ ರ‍್ಯಾಮ್ ಇರಬೇಕು. ವಿಂಡೋಸ್‌ಗೆ 4 ಜಿಬಿ, 2 ಕೋರ್, 64 ಜಿಬಿ ಡಿಸ್ಕ್ ಕೊಡಿ. ಮೊದಲು ಬಯೋಸ್‌ಗೆ ಹೋಗಿ ಇಂಟೆಲ್ ಆದರೆ ‘ವರ್ಚುವಲೈಸೇಶನ್ ಟೆಕ್ನಾಲಜಿ’, ಎಎಂಡಿ ಆದರೆ ‘ಎಸ್‌ವಿಎಂ’ ಚಾಲೂ ಮಾಡಿ. ವಿಂಡೋಸ್ 11 ಹಾಕುವುದಾದರೆ ಮಷೀನ್‌ನ ಸೆಟ್ಟಿಂಗ್‌ನಲ್ಲಿ ಟಿಪಿಎಂ 2.0 ಮತ್ತು ಇಎಫ್‌ಐ ಆರಿಸಿ. ಇದಕ್ಕೆ ಪ್ರತ್ಯೇಕ ವಿಂಡೋಸ್ ಲೈಸೆನ್ಸ್ ಬೇಕು. ಲ್ಯಾಪ್‌ಟಾಪ್ ಜೊತೆ ಬಂದ ಕೀ ಸಾಮಾನ್ಯವಾಗಿ ಇಲ್ಲಿಗೆ ಸಲ್ಲುವುದಿಲ್ಲ.

ಎಡವುವ ಜಾಗಗಳು ಮೂರು. ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ವರ್ಚುವಲ್ ಬಾಕ್ಸ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಚಾಲನೆಯಲ್ಲಿ ನೀಲಿ ತೆರೆ ಬಂದಾಗ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅವಸರದಲ್ಲಿ ‘ಕಂಟಿನ್ಯೂ’ ಒತ್ತಿದರೆ ಕರ್ನಲ್ ಡ್ರೈವರ್ ಇಲ್ಲವೆಂಬ 1908ರ ದೋಷ ಬರುತ್ತದೆ. ಎರಡನೆಯದು, ಯುಎಸ್‌ಬಿ ಪಟ್ಟಿ ಖಾಲಿ ಕಾಣುವುದು. ಮಿಂಟ್‌ನ ಯೂಸರ್ಸ್ ಆ್ಯಂಡ್ ಗ್ರೂಪ್ಸ್‌ನಲ್ಲಿ ನಿಮ್ಮ ಹೆಸರನ್ನು ‘ವಿಬಾಕ್ಸ್ ಯೂಸರ್ಸ್’ ಗುಂಪಿಗೆ ಸೇರಿಸಿ, ಕಂಪ್ಯೂಟರ್ ಮರುಚಾಲನೆ ಮಾಡಿ, ಆಮೇಲೆ ಟೋಕನ್‌ಗೆ ಯುಎಸ್‌ಬಿ ಫಿಲ್ಟರ್ ಹಾಕಿ. ಹೀಗೆ ಒಳಗೆ ಕೊಟ್ಟ ಟೋಕನ್ ಅಥವಾ ಪ್ರಿಂಟರ್ ಆ ಹೊತ್ತಿನಲ್ಲಿ ಲಿನಕ್ಸ್‌ಗೆ ಕಾಣುವುದಿಲ್ಲ, ಅದು ದೋಷವಲ್ಲ.

ಮೂರನೆಯದರಲ್ಲಿ ಲೆಕ್ಕವೇ ಹೋಗುತ್ತದೆ. ಸ್ನ್ಯಾಪ್‌ಶಾಟ್‌ಗೆ (ಹಿಂದೆ ಉಳಿಸಿಟ್ಟ ಮಷೀನ್‌ನ ಸ್ಥಿತಿಗೆ) ಹಿಂದಿರುಗಿದರೆ ವಿಂಡೋಸ್ ಜೊತೆ ಟ್ಯಾಲಿಯ ನಮೂದುಗಳೂ ಆ ದಿನಕ್ಕೆ ಹಿಂದೆ ಹೋಗುತ್ತವೆ. ಮಷೀನ್‌ನೊಳಗಿನ ವಿಂಡೋಸ್‌ನಲ್ಲಿ ವರ್ಚುವಲ್ ಬಾಕ್ಸ್‌ನ ಗೆಸ್ಟ್ ಅಡಿಷನ್ಸ್ ಹಾಕಿ, ಲಿನಕ್ಸ್‌ಗೂ ವಿಂಡೋಸ್‌ಗೂ ಕಾಣುವ ಒಂದು ಶೇರ್ಡ್ ಫೋಲ್ಡರ್ ಮಾಡಿಕೊಂಡು, ಪ್ರತಿದಿನ ಅಂಗಡಿ ಮುಚ್ಚುವ ಮುನ್ನ ಟ್ಯಾಲಿಯ ಬ್ಯಾಕಪ್ ಅದರೊಳಗೆ ಬೀಳುವಂತೆ ಮಾಡಿ. ಆಗ ಅದು ಲಿನಕ್ಸ್‌ನ ಡಿಸ್ಕ್‌ನಲ್ಲಿರುತ್ತದೆ. ಇಡೀ ಮಷೀನನ್ನೇ ನಕಲಿಸುವುದಾದರೆ ವಿಂಡೋಸನ್ನು ಶಟ್‌ಡೌನ್ ಮಾಡಿದ ಮೇಲಷ್ಟೇ ಅದರ ಡಿಸ್ಕ್ ಫೈಲನ್ನು ನಕಲಿಸಿ. ಓಡುತ್ತಿರುವಾಗ ತೆಗೆದ ನಕಲು ಮತ್ತೆ ತೆರೆಯುತ್ತದೆಂಬ ಭರವಸೆ ಇಲ್ಲ.